ತಡವಾಗಿ ಹಾರಿದ ಗುಂಡು

ನಿನ್ನೆ ಸಂಜೆ ಇಲ್ಲಿ ಕುವೈತಿನ ಸಾಲ್ಮಿಯಾದಲ್ಲಿ ಸಮುದ್ರದ ಕಡೆ ಯಾರೋ ಪಟಾಕಿ ಹಾರಿಸಿದರು. ನನ್ನ ಬಶಿಯ ಚಹಾ ಅರ್ಧ ಸೀರೆಯ ಮೇಲೆ! ಬೈಯಲೆಂದು ಬಾಯಿ ತೆರೆದರೆ ಬಂದದ್ದು ನಗು. ಮುತ್ತಣ್ಣ ನೆನಪಾದ.

ಮುತ್ತಣ್ಣ ಕೊಡಗಿನವನು. ಮೀನಾ ಅಲ್ ಅಹ್ಮದಿಯ ಎಣ್ಣೆ ರಿಫೈನರಿಯಲ್ಲಿ ನಮ್ಮ ಯಜಮಾನರ ಜೊತೆ ಕೆಲಸಕ್ಕಿದ್ದ. ಆಗ ನಾವು ಫರ್ವಾನಿಯಾದಲ್ಲಿದ್ದೆವು. ಶುಕ್ರವಾರ ಬಂತೆಂದರೆ ನನ್ನ ಜೋಳದ ರೊಟ್ಟಿಗೆ ಹಾಜರು. ಧಾರವಾಡದವಳಾದ ನನಗೆ ಕೊಡವರ ಬಗ್ಗೆ ಗೊತ್ತಿದ್ದದ್ದು ಹಾಕಿ ಮತ್ತು ಹಂದಿ ಮಾತ್ರ. ಹಂದಿಯ ಸುದ್ದಿ ನನ್ನ ಅಡುಗೆಮನೆಯಲ್ಲಿ ಎತ್ತಕೂಡದೆಂದು ತಾಕೀತು ಮಾಡಿದ್ದೆ. ಕುವೈತಿನಲ್ಲಿ ಅದು ಸಿಗುತ್ತಲೂ ಇರಲಿಲ್ಲ, ಬಿಡಿ.

ಅವನಿಗಿದ್ದದ್ದು ಒಂದೇ ಗೋಳು: ಕೋವಿ. ಯಾವುದೋ ಮದುವೆಮನೆಯ ಹೊಡೆದಾಟದ ಕೇಸಿನಲ್ಲಿ ಅವನಿಗೆ ಶಿಕ್ಷೆಯಾಗಿ, ಮನೆತನದ ಕೋವಿ ಸ್ಟೇಷನ್ ಸೇರಿತ್ತು. ಮೇಲಿನ ಕೋರ್ಟು ಶಿಕ್ಷೆಯನ್ನೇ ಅಳಿಸಿಹಾಕಿತು. ಆದರೆ ಕೋವಿ ಇಟ್ಟುಕೊಳ್ಳುವ ಹಕ್ಕಿಗೆ ಬೇರೆ ಆದೇಶ ಬೇಕಂತೆ. ಅದು ಬರುತ್ತಲೇ ಇರಲಿಲ್ಲ. ಅಷ್ಟರಲ್ಲಿ ಊರಲ್ಲಿ ಹೆಂಡತಿ ಹೆಣ್ಣು ಹೆತ್ತಳು. ಅವರಲ್ಲಿ ಗಂಡು ಹುಟ್ಟಿದರೆ ಒಂದು ಗುಂಡು ಹಾರಿಸಿ ಊರಿಗೆ ತಿಳಿಸುವುದು ವಾಡಿಕೆ. ಇವನು ಮಗಳಿಗೂ ಹಾರಿಸಲೇಬೇಕೆಂದು ಹಟ ಹಿಡಿದ.

“ಬಾಜೂ ಮನಿಯವರ ಬಂದೂಕು ಇಸಕೊಂಡು ಒಂದ್ ಸಲ ಢಂ ಅನ್ನಸಿಬಿಡು, ಖಲಾಸ್!” ಎಂದೆ.

“ಬೇಡ ಅಕ್ಕ. ಕೋರ್ಟು ನನ್ನ ಬಿಟ್ಟಿದೆ, ಊರು ಬಿಟ್ಟಿಲ್ಲ. ಕೋವಿ ಕಳ್ಕೊಂಡ ಮನೆ ಅಂತ ಬೆರಳು ತೋರಿಸ್ತಾರೆ. ನಮ್ಮ ಅಂಗಳಕ್ಕೆ ಯಾರೂ ಕಾಲಿಡಲ್ಲ. ನನ್ನ ಮಗಳಿಗೆ ಎರವಲು ಗುಂಡು ಬೇಡ.”

“ಹಂಗಾದ್ರ ಅಕಿ ಲಗ್ನದಾಗ ಹಾರ್ಸಾಂವ ಏನ್ ನೀ?”

ಅವನು ಮುರಿದ ರೊಟ್ಟಿ ತಟ್ಟೆಯಲ್ಲೇ ಉಳಿಯಿತು. ಎಲುಬಿಲ್ಲದ ನಾಲಿಗೆ ನನ್ನದು, ಏನು ಮಾಡಲಿ ಹೇಳಿ.

ಆದೇಶ ಬರುವಷ್ಟರಲ್ಲಿ ಮಗು ಹೊಸಿಲು ದಾಟುತ್ತಿತ್ತು! ಆ ಶುಕ್ರವಾರ ನಾವು ಮೂವರೂ ನಮ್ಮ ಮನೆಯ ಫೋನಿಗೆ ಕಿವಿ ಹಚ್ಚಿ ಕೂತೆವು. ಅತ್ತ ಊರಲ್ಲಿ ಅವನ ತಂದೆ ಕೋವಿ ಎತ್ತಿದರು. ಢಂ! ಮಗು ಕಿಟಾರನೆ ಕಿರುಚಿತು. ಆಮೇಲೆ ಬಹಳ ಹೊತ್ತು ಗದ್ದಲ. ಮುತ್ತಣ್ಣ ತಾಯಿಯ ಮಾತು ಕೇಳಿಸಿಕೊಂಡು ನಮ್ಮ ಕಡೆ ತಿರುಗಿದ.

“ಅಕ್ಕ, ಎಲ್ಲಾ ನಮ್ಮ ಅಂಗಳಕ್ಕೆ ಓಡಿ ಬಂದಿದ್ದಾರಂತೆ! ಯಾವ ಮಗು ಹುಟ್ಟಿದ್ದು ಅಂತ ಕೇಳ್ತಿದ್ದಾರಂತೆ!”

ಹೇಳಿದವನೇ ಗಳಗಳನೆ ಅತ್ತುಬಿಟ್ಟ. ನನಗೂ ತಡೆಯಲಾಗಲಿಲ್ಲ. ಒಲೆಯ ಮೇಲಿನ ರೊಟ್ಟಿ ಕರಕಲಾಯಿತು.

ಮುತ್ತಣ್ಣ ಈಗ ಊರಲ್ಲೇ ಇದ್ದಾನೆ. ನಿನ್ನೆ ಫೋನು ಮಾಡಿದರೆ ಎತ್ತಿದ್ದು ಆ ಮಗಳೇ.

“ಅಪ್ಪ ಇಲ್ಲ ಆಂಟಿ. ಆಚೆ ಮನೇಲಿ ಪಾಪು ಹುಟ್ಟಿದೆ. ನೀವೇ ಗುಂಡು ಹಾರಿಸ್ಬೇಕು ಅಂತ ಅಪ್ಪನ್ನ ಕೋವಿ ಸಮೇತ ಕರ್ಕೊಂಡು ಹೋದ್ರು.”

“ಗಂಡೇನವ್ವಾ?” ಎಂದೆ.

“ಹೆಣ್ಣು, ಆಂಟಿ.”