ಮಾನ್ಯ ಎಂಬ ಹೆಸರಿನ ಕಾಮೆಂಟು

ಆರಾಧನಾಗೆ ಒಂದು ಕಡೆ ಸುಮ್ಮನೆ ಕೂರುವುದು ಚಿಕ್ಕಂದಿನಿಂದಲೂ ಆಗದು. ಊಟಕ್ಕೆ ಕೂತರೆ ಸಾರನ್ನ ಮುಗಿಯುವ ಮೊದಲೇ ಎದ್ದು ಕಿಟಕಿ ತನಕ ಹೋಗಿ ಬರುತ್ತಾಳೆ. ಫೋನಿನಲ್ಲಿ ಮಾತಾಡುವಾಗ ನಡುಮನೆಯಿಂದ ಅಡುಗೆಮನೆಗೆ, ಅಲ್ಲಿಂದ ಹಿತ್ತಲ ಬಾಗಿಲಿಗೆ ಸುತ್ತು ಹೊಡೆಯುತ್ತಾಳೆ. "ಕಾಲಿಗೆ ಚಕ್ರ ಕಟ್ಕೊಂಡು ಹುಟ್ಟಿದೀಯ ಕಣೇ, ನೋಡೋರಿಗೇ ತಲೆ ಸುತ್ತುತ್ತೆ," ಎಂದು ಅವಳ ತಾಯಿ ಜಾನಕಮ್ಮ ಗೊಣಗುತ್ತಲೇ ಇರುತ್ತಾರೆ. ತಾಯಿ ಮಗಳು ಇಬ್ಬರೇ ಬಸವನಗುಡಿಯ ಹಳೇ ಮನೆಯೊಂದರ ಮೇಲಿನ ಮಹಡಿಯಲ್ಲಿ ಬಾಡಿಗೆಗೆ ಇದ್ದಾರೆ.

ಅವಳು ಒಂದು ಕಡೆ ಕೂರುತ್ತಿದ್ದದ್ದು ಓದುವಾಗ ಮಾತ್ರ. ಕನ್ನಡ ಎಂ.ಎ. ಮುಗಿಸಿ ಒಂದು ವಾರಪತ್ರಿಕೆಯಲ್ಲಿ ಕರಡು ತಿದ್ದುವ ಕೆಲಸ ಹಿಡಿದಿದ್ದಳು. ಪತ್ರಿಕೆ ನಿಂತುಹೋಯಿತು. ಆಮೇಲೆ ಸಿಕ್ಕಿದ್ದೇ ಈಶ್ವರ್‌ನ ಆನ್‌ಲೈನ್ ಮಾರ್ಕೆಟಿಂಗ್ ಆಫೀಸು. ಗಾಂಧಿಬಜಾರಿನ ಹಿಂದಿನ ರಸ್ತೆಯಲ್ಲಿ, ಸೀರೆ ಅಂಗಡಿಯೊಂದರ ಮೇಲಿತ್ತು. ಸಣ್ಣಪುಟ್ಟ ಅಂಗಡಿಗಳ ಹೆಸರನ್ನು ಇಂಟರ್‌ನೆಟ್ಟಿನಲ್ಲಿ ನಾಲ್ಕು ಜನರ ಕಣ್ಣಿಗೆ ಬೀಳುವಂತೆ ಮಾಡುವುದು ಅವರ ಕೆಲಸ. ಅದರಲ್ಲಿ ಆರಾಧನಾಳ ಪಾಲಿಗೆ ಬಂದದ್ದು ಬ್ಲಾಗುಗಳಿಗೆ ಕಾಮೆಂಟು ಬರೆಯುವುದು. ಯಾರೋ ತಮ್ಮ ಬ್ಲಾಗಿನಲ್ಲಿ ಅಡುಗೆಯದೋ ಮಕ್ಕಳದೋ ಮಂಡಿನೋವಿನದೋ ಕಷ್ಟಸುಖ ಬರೆದುಕೊಂಡಿರುತ್ತಾರೆ. ಅದರ ಕೆಳಗೆ ಯಾರೋ ಓದುಗರಂತೆ ನಾಲ್ಕು ಒಳ್ಳೆಯ ಮಾತು ಬರೆದು, ನಡುವೆ ಅಂಗಡಿಯ ಹೆಸರನ್ನು ತೇಲಿಬಿಡಬೇಕು.

"ಜಾಹೀರಾತು ಅಂತ ಗೊತ್ತಾಗ್ಬಾರ್ದು ಆರಾಧನಾ," ಎಂದು ಈಶ್ವರ್ ಮೊದಲ ದಿನವೇ ಹೇಳಿದ್ದ. "ಪಕ್ಕದ್ಮನೆ ಆಂಟಿ ಕಾಂಪೌಂಡ್ ಹತ್ರ ನಿಂತು ಹೇಳಿದ ಹಾಗಿರ್ಬೇಕು. ಬೇರೆ ಬೇರೆ ಹೆಸರಲ್ಲಿ ಬರೀರಿ. ಯಾರಾದ್ರೂ ತಿರುಗಿಸಿ ಏನಾದ್ರೂ ಕೇಳಿದ್ರೆ ಮಾತ್ರ ಉತ್ತರ ಕೊಡೋಕೆ ಹೋಗ್ಬೇಡಿ, ಸಿಕ್ಕಾಕೊಳ್ತೀವಿ. ಮುಂದಿನ ಬ್ಲಾಗಿಗೆ ಹೋಗ್ತಾ ಇರಿ."

ಆಫೀಸಿನ ಉಳಿದವರು "ತುಂಬಾ ಚೆನ್ನಾಗಿದೆ, ಉಪಯುಕ್ತ ಮಾಹಿತಿ" ಎಂದು ಗೀಚಿ ಕೆಳಗೆ ಲಿಂಕ್ ಅಂಟಿಸುತ್ತಿದ್ದರು. ಬ್ಲಾಗಿನವರು ಅದನ್ನು ಕಸದ ಬುಟ್ಟಿಗೆ ಹಾಕುತ್ತಿದ್ದರು. ಆರಾಧನಾ ಮಾತ್ರ ಪ್ರತಿ ಬರಹವನ್ನೂ ಮೊದಲಿನಿಂದ ಕೊನೆಯವರೆಗೆ ಓದುತ್ತಿದ್ದಳು. ಹಾಗಾಗಿ ಅವಳ ಕಾಮೆಂಟುಗಳು ಉಳಿಯುತ್ತಿದ್ದವು, ಜನ ಅವಕ್ಕೆ ಉತ್ತರ ಬರೆಯುತ್ತಿದ್ದರು. ಒಂದು ಕಡೆ ರಾಜಾಜಿನಗರದ ಅಜ್ಜಿ, ಇನ್ನೊಂದು ಕಡೆ ಹೊಸದಾಗಿ ಮದುವೆಯಾದ ಹುಡುಗಿ, ಮತ್ತೊಂದು ಕಡೆ ಸಕ್ಕರೆ ಕಾಯಿಲೆಯ ರಿಟೈರ್ಡ್ ಮೇಷ್ಟ್ರು. ಬೆಳಿಗ್ಗೆಯಿಂದ ಸಂಜೆಯೊಳಗೆ ಎಷ್ಟು ಜನರಾಗುತ್ತಿದ್ದಳೋ ಅವಳಿಗೇ ನೆನಪಿರುತ್ತಿರಲಿಲ್ಲ. ಮನೆಗೆ ಬಂದ ಮೇಲೂ ಅವರೆಲ್ಲ ತಲೆಯೊಳಗೆ ಮಾತಾಡುತ್ತಲೇ ಇರುತ್ತಿದ್ದರು.

ಆ ಕಾರ್ತಿಕದಲ್ಲಿ ಚಾಮರಾಜಪೇಟೆಯ ನಂಜುಂಡಯ್ಯನವರ 'ಶ್ರೀಕಂಠ ಹುರಿಹಿಟ್ಟು' ಅವಳ ಕೈಗೆ ಬಂತು. ಪೇಟೆಯಲ್ಲಿ ಹಿಟ್ಟು, ಪುಡಿ ಮಾರಿಕೊಂಡು ಬಂದ ಹಳೇ ಮನೆತನ. ರಾಗಿ ಹುರಿಹಿಟ್ಟನ್ನು ಮಕ್ಕಳ ತಾಯಂದಿರಿಗೆ ಮುಟ್ಟಿಸಬೇಕು ಎಂದು ಈಶ್ವರ್ ಹೇಳಿದ. ತಾಯಂದಿರ ಬ್ಲಾಗುಗಳನ್ನು ಹುಡುಕುತ್ತಾ ಹೋದವಳಿಗೆ ವೈಯಾಲಿಕಾವಲ್‌ನ ಸುಪ್ರಜಾ ಎನ್ನುವವರ ಬರಹವೊಂದು ಸಿಕ್ಕಿತು.

ಸುಪ್ರಜಾ ಹುಟ್ಟಿ ಬೆಳೆದದ್ದು ಬಸವನಗುಡಿಯಲ್ಲೇ. ಕಡಲೆಕಾಯಿ ಪರಿಷೆ ಬಂತೆಂದರೆ ಲಂಗದ ಮಡಿಲು ತುಂಬ ಕಾಯಿ ತುಂಬಿಕೊಂಡು ಬರುತ್ತಿದ್ದ ಹುಡುಗಿ. ಈಗ ಅವರ ಮಗ ಆತ್ರೇಯನಿಗೆ ಕಡಲೆಕಾಯಿ ಆಗುವುದಿಲ್ಲ. ಒಂದು ಚೂರು ಒಳಗೆ ಹೋದರೂ ತುಟಿ ಊದಿ, ಉಸಿರು ಕಟ್ಟಿ, ಆಸ್ಪತ್ರೆಗೆ ಓಡಬೇಕು. ಪರಿಷೆ ಬಂದರೆ ತವರಿನ ಕಡೆ ತಲೆ ಹಾಕುವುದಿಲ್ಲ ಎಂದು ಬರೆದಿದ್ದರು. ಹುಟ್ಟುಹಬ್ಬಗಳಿಗೆ ಮಗನ ತಿಂಡಿಯನ್ನು ಡಬ್ಬಿಯಲ್ಲಿ ಹಾಕಿಕೊಂಡು ಹೋಗಿ, ಉಳಿದ ತಾಯಂದಿರ ನೋಟ ಸಹಿಸಿಕೊಂಡು ಕೂರುವುದನ್ನು ಬರೆದಿದ್ದರು. ಕೊನೆಯ ಸಾಲು ಹೀಗಿತ್ತು: "ಈ ಊರಲ್ಲಿ ನನ್ನ ಥರ ಇನ್ನೊಬ್ಬಳು ಅಮ್ಮ ಇದ್ದರೆ ದಯವಿಟ್ಟು ಒಂದು ಮಾತು ಬರೆಯಿರಿ."

ಆರಾಧನಾ ಕೂತಲ್ಲೇ ಎರಡು ಸಲ ಓದಿದಳು. ಓದಿದ್ದರ ಕಾವು ಆರುವ ಮೊದಲೇ ಬೆರಳು ಓಡಿತು:

"ಸುಪ್ರಜಾ ಅವರೇ, ನಾನು ಮಾನ್ಯ, ಜಯನಗರ. ನನ್ನ ಮಗನಿಗೂ ಕಡಲೆಕಾಯಿ ಆಗೋದಿಲ್ಲ. ನೀವು ಬರೆದದ್ದೆಲ್ಲ ನನ್ನ ಮನೆಯದೇ ಕಥೆ. ಹೊರಗಿನದು ಏನು ಕೊಡೋಕೂ ಕೈ ನಡುಗುತ್ತೆ. ಶ್ರೀಕಂಠ ಹುರಿಹಿಟ್ಟು ಒಂದನ್ನ ಮಾತ್ರ ಧೈರ್ಯವಾಗಿ ಕೊಡ್ತೀನಿ."

"ಸೂಪರ್," ಎಂದ ಈಶ್ವರ್, ಅವಳ ಭುಜದ ಮೇಲಿಂದ ಬಗ್ಗಿ ನೋಡಿ. "ಇದು ನೋಡಿ ಬರವಣಿಗೆ ಅಂದ್ರೆ!"

ಸಂಜೆಯೊಳಗೆ ಸುಪ್ರಜಾ ಉತ್ತರ ಬರೆದಿದ್ದರು. "ಮಾನ್ಯ ಅವರೇ, ನಿಮ್ಮ ಮಾತು ಓದಿ ಅತ್ತುಬಿಟ್ಟೆ. ನಿಮ್ಮ ಮಗನ ಹೆಸರೇನು? ಮೊದಲ ಸಲ ಎಷ್ಟು ಕೊಟ್ರಿ?" ಮರುದಿನ ಇನ್ನೊಂದು: "ನೀವು ಯಾವ ಡಾಕ್ಟರ ಹತ್ತಿರ ತೋರಿಸ್ತೀರಿ?" ಸ್ವಲ್ಪ ದಿನ ಬಿಟ್ಟು ಬರೀ ಒಂದು ಮಾತು: "ಮಾನ್ಯ ಅವರೇ, ಇದೀರಾ?"

ಉತ್ತರ ಕೊಡುವ ಹಾಗಿರಲಿಲ್ಲ. ಆರಾಧನಾ ಬೇರೆ ಬ್ಲಾಗುಗಳಿಗೆ ಹೋದಳು. ಸಾಬೂನಿಗೆ ಬರೆದಳು, ಮೊಣಕಾಲಿನ ಎಣ್ಣೆಗೆ ಬರೆದಳು. ಆದರೆ ನಡುನಡುವೆ ಸುಪ್ರಜಾರ ಪುಟವನ್ನು ತೆರೆದು ನೋಡುವುದು, ಮುಚ್ಚುವುದು, ಮತ್ತೆ ತೆರೆಯುವುದು. ಮನೆಯಲ್ಲಿ ಹಾಲು ಉಕ್ಕಿದ್ದು ಗೊತ್ತಾಗಲಿಲ್ಲ. "ಏನಾಗಿದೆಯೇ ನಿಂಗೆ?" ಎಂದು ಜಾನಕಮ್ಮ ಕೇಳಿದರೆ, "ಏನಿಲ್ಲಮ್ಮ, ಕೆಲಸ," ಎನ್ನುತ್ತಿದ್ದಳು.

ಹೀಗಿರುವಾಗ ಫೋಟೋ ತೆಗೆದುಕೊಂಡು ಬರಲು ಈಶ್ವರ್ ಅವಳನ್ನು ನಂಜುಂಡಯ್ಯನವರ ಅಂಗಡಿಗೆ ಕಳಿಸಿದ. ಅಲ್ಲಿಯವರೆಗೆ ಅವಳು ಆ ಹುರಿಹಿಟ್ಟನ್ನು ಕಣ್ಣಿಂದ ನೋಡಿರಲಿಲ್ಲ. ಅಂಗಡಿಯ ಹಿಂದೆಯೇ ಮಿಲ್ಲು. ರಸ್ತೆಯ ತಿರುವಿನಲ್ಲೇ ಹುರಿದ ವಾಸನೆ ಮೂಗಿಗೆ ಬಡಿಯಿತು, ಒಳಗೆ ಹೋಗುವಷ್ಟರಲ್ಲಿ ಅದು ಯಾವುದರ ವಾಸನೆ ಎಂದು ತಿಳಿಯಿತು. ಮುರುಗೇಶ ಎಂಬ ಕೆಲಸಗಾರ ದೊಡ್ಡ ಬಾಣಲೆಯಲ್ಲಿ ಕಡ್ಲೆಬೀಜ ಹುರಿಯುತ್ತಿದ್ದ.

"ಇದು ಯಾತಕ್ಕೆ?" ಎಂದಳು.

"ಚಟ್ನಿಪುಡಿಗೆ ಮೇಡಂ."

"ಹುರಿಹಿಟ್ಟಿನ ರಾಗಿ ಎಲ್ಲಿ ಹುರೀತೀರಿ?"

"ಇಲ್ಲೇ, ಇದರಲ್ಲೇ. ಬೆಳಿಗ್ಗೆ ರಾಗಿ, ಮಧ್ಯಾಹ್ನ ಬೀಜ. ಚೆನ್ನಾಗಿ ಒರೆಸ್ತೀವಿ ಮೇಡಂ, ಬೇಕಾದ್ರೆ ಬಟ್ಟೆ ನೋಡಿ."

ಆರಾಧನಾ ಮುಂಭಾಗದ ಅಂಗಡಿಗೆ ಓಡಿಬಂದಳು. ನಂಜುಂಡಯ್ಯ ಹಣೆಯ ವಿಭೂತಿ ಮಾಸದ ಹಾಗೆ ಬೆವರು ಒರೆಸಿಕೊಳ್ಳುತ್ತಾ ಗಿರಾಕಿಗೆ ಪೊಟ್ಟಣ ಕಟ್ಟುತ್ತಿದ್ದರು. ಅವಳು ಹೇಳಿದ್ದನ್ನು ಪೂರ್ತಿ ಕೇಳಿ ಕೈಯಲ್ಲಿದ್ದ ದಾರ ಕೆಳಗಿಟ್ಟರು.

"ಕಡ್ಲೆಕಾಯಿ ಆಗದ ಮಕ್ಕಳಿಗೆ ಕೊಡ್ಬಹುದು ಅಂತ ನಾನು ಯಾವತ್ತು ಹೇಳಿದೀನಿ ತಾಯಿ? ಪೊಟ್ಟಣದ ಮೇಲೆ ಬರ್ದಿದೀನಾ?"

"ನೀವು ಹೇಳಿಲ್ಲ. ನಾನೇ ಬರೆದೆ."

"ಅಯ್ಯೋ ಶಿವನೇ," ಎಂದರು ಅವರು. "ವೈಯಾಲಿಕಾವಲ್‌ನಿಂದ ಒಬ್ರು ಹೆಣ್ಮಗಳು ಫೋನ್ ಮಾಡಿ ತರಿಸ್ಕೊಂಡ್ರು. ನಿನ್ನೆ ಕಳಿಸ್ದೆ. ಯಾರೋ ಮಾನ್ಯ ಅನ್ನೋರು ಬರ್ದಿದ್ರು, ಅದ್ಕೇ ನಂಬಿಕೆ ಬಂತು ಅಂದ್ರು."

ಅವರ ಬಳಿಯಿದ್ದ ನಂಬರಿಗೆ ಫೋನ್ ಮಾಡಿದಳು. ರಿಂಗಾಗಿ ರಿಂಗಾಗಿ ನಿಂತಿತು. ಮತ್ತೆ ಮಾಡಿದಳು. ಬ್ಲಾಗು ತೆರೆದು "ಆ ಹಿಟ್ಟು ಕೊಡಬೇಡಿ, ದಯವಿಟ್ಟು ಕೊಡಬೇಡಿ" ಎಂದು ಬರೆದು ಕಳಿಸಿದರೆ, 'ಲೇಖಕರ ಒಪ್ಪಿಗೆಗಾಗಿ ಕಾಯಲಾಗುತ್ತಿದೆ' ಎಂದು ತೋರಿಸಿತು. ಶಾಲೆ ಬಿಡುವ ಹೊತ್ತು. ಮಗು ಮನೆಗೆ ಬಂದರೆ ತಾಯಿ ಮೊದಲು ಮಾಡುವ ಕೆಲಸವೇ ಕುಡಿಯಲು ಏನಾದರೂ ಕೊಡುವುದು.

ವಿಳಾಸ ಬರೆದ ಚೀಟಿಯನ್ನು ನಂಜುಂಡಯ್ಯ ಅವಳ ಕೈಗೆ ತುರುಕಿ, ತಾವೇ ರಸ್ತೆಗೆ ಇಳಿದು ಆಟೋ ನಿಲ್ಲಿಸಿದರು. ಆಟೋ ಮಾರ್ಕೆಟ್ ಹತ್ತಿರ ಸಿಕ್ಕಿಹಾಕಿಕೊಂಡಿತು. ಮುಂದೆ ಹೂವಿನ ಗಾಡಿ, ಹಿಂದೆ ಬಿಎಂಟಿಸಿ ಬಸ್ಸು. "ಇಳ್ಕೊಂಡು ಮೆಟ್ರೋಲಿ ಹೋಗ್ಬಿಡಿ ಅಕ್ಕ, ಇದು ಈಗ್ಲೇ ಬಿಡಲ್ಲ," ಎಂದ ಆಟೋದವನು. ಮೆಟ್ರೋದಲ್ಲಿ ಸೀಟು ಖಾಲಿಯಿದ್ದರೂ ಕೂರಲಾಗದೆ ಬಾಗಿಲ ಹತ್ತಿರ ನಿಂತೇ ಹೋದಳು. ಸುರಂಗದಲ್ಲಿ ಫೋನು ಸತ್ತಂತಿತ್ತು. ತಾನು ಬರೆದ ಸಾಲು ಕಣ್ಣ ಮುಂದೆ ಬರುತ್ತಿತ್ತು. 'ಧೈರ್ಯವಾಗಿ' ಎಂಬ ಪದವನ್ನು ಎಷ್ಟು ಮುತುವರ್ಜಿಯಿಂದ ಹುಡುಕಿ ಹಾಕಿದ್ದೆ ಎಂಬುದು ನೆನಪಾಯಿತು. ಸಂಪಿಗೆ ರಸ್ತೆಯಲ್ಲಿ ಇಳಿದು, ಏರಿನ ರಸ್ತೆಯಲ್ಲಿ ಅರ್ಧ ಓಡಿ ಅರ್ಧ ನಡೆದು, ಕ್ರಾಸು ತಪ್ಪಿ, ಇಸ್ತ್ರಿ ಅಂಗಡಿಯವರನ್ನು ಕೇಳಿ, ಕೊನೆಗೆ ಹಸಿರು ಗೇಟಿನ ಮನೆ ಸಿಕ್ಕಿತು.

ಬಾಗಿಲು ತೆಗೆದದ್ದು ಸುಪ್ರಜಾರೇ. ಅವರ ಹಿಂದೆ ನಡುಮನೆಯಲ್ಲಿ ಶಾಲೆಯ ಯೂನಿಫಾರ್ಮ್‌ನಲ್ಲೇ ಇದ್ದ ಹುಡುಗ ನೆಲದ ಮೇಲೆ ಕೂತು ಆಟವಾಡುತ್ತಿದ್ದ. ಪಕ್ಕದಲ್ಲಿ ಸ್ಟೀಲ್ ಲೋಟ.

"ಲೋಟದಲ್ಲಿ ಏನಿದೆ?" ಎಂದಳು ಆರಾಧನಾ, ಏದುಸಿರಿನಲ್ಲಿ.

"ನೀವ್ಯಾರು?"

"ಹುರಿಹಿಟ್ಟು ಕೊಟ್ರಾ? ಶ್ರೀಕಂಠದ್ದು? ಅದೇ ಬಾಣಲೇಲಿ ಕಡ್ಲೆಬೀಜ ಹುರೀತಾರೆ. ನಾನು ನೋಡ್ಕೊಂಡು ಬಂದೆ."

ಸುಪ್ರಜಾ ತಿರುಗಿ ಮಗನ ಲೋಟದ ಕಡೆ ನೋಡಿದರು. ಆಮೇಲೆ ಹೇಳಿದರು: "ಅದು ಬರೀ ಹಾಲು. ಪೊಟ್ಟಣ ಇನ್ನೂ ಒಡ್ದಿಲ್ಲ. ಮಾನ್ಯ ಅಂತ ಒಬ್ರು... ಮೊದಲ ಸಲ ಎಷ್ಟು ಕೊಟ್ರಿ ಅಂತ ಕೇಳಿದ್ದೆ. ಅವರು ಉತ್ತರ ಕೊಟ್ಟ ಮೇಲೆ ಕೊಡೋಣ ಅಂತ ಎತ್ತಿಟ್ಟೆ."

ಆರಾಧನಾ ಹೊಸಿಲ ಆಚೆ, ಮೆಟ್ಟಿಲ ಮೇಲೆಯೇ ಕೂತಳು.

"ಅಂಗಡಿಯವರು ಕಳಿಸಿದ್ರಾ? ನೀರು ತರ್ಲಾ?"

"ಮಾನ್ಯ ಅಂತ ಬರೆದಿದ್ದು ನಾನೇ," ಎಂದಳು ಆರಾಧನಾ. "ಅದು ನನ್ನ ಕೆಲಸ. ಹಿಟ್ಟು ಮಾರೋಕೆ ಬರೆದದ್ದು."

ಸುಪ್ರಜಾಗೆ ಮೊದಲು ಅರ್ಥವಾಗಲಿಲ್ಲ. "ಅಂದ್ರೆ ನಿಮ್ಮ ಮಗನಿಗೂ..."

"ನನಗೆ ಮಕ್ಕಳಿಲ್ಲ. ಮದುವೇನೂ ಆಗಿಲ್ಲ."

"ಮಾನ್ಯ ಅನ್ನೋರು ಯಾರೂ ಇಲ್ವಾ?"

"ಇಲ್ಲ."

ಬೈಗುಳ ಬರುತ್ತದೆಂದು ಆರಾಧನಾ ತಲೆ ತಗ್ಗಿಸಿ ಕಾದಳು. ಅದು ಬರಲಿಲ್ಲ. ಸುಪ್ರಜಾ ಬಾಗಿಲನ್ನು ಅರ್ಧ ಎಳೆದುಕೊಂಡು, ಮಗನಿಗೆ ಕೇಳಿಸದಷ್ಟು ಮೆಲ್ಲಗೆ ಹೇಳಿದರು: "ನಾನು ದಿನಾ ಅವರ ಬಗ್ಗೆ ಯೋಚನೆ ಮಾಡ್ತಿದ್ದೆ. ಉತ್ತರ ಬರ್ಲಿಲ್ವಲ್ಲ, ಅವರ ಮಗನಿಗೆ ಹುಷಾರಿಲ್ವೇನೋ ಅಂತ ರಾಯರಿಗೆ ದೀಪ ಹಚ್ಚಿದೀನಿ." ಒಳಗೆ ಹೋಗಿ ಪೊಟ್ಟಣ ತಂದು ಅವಳ ಕೈಗಿಟ್ಟರು. "ಇದನ್ನ ತಗೊಂಡು ಹೋಗಿ. ಇನ್ಮೇಲೆ ಈ ಕಡೆ ಬರ್ಬೇಡಿ."

ಮರುದಿನ ಈಶ್ವರ್ ಎಲ್ಲವನ್ನೂ ಕೇಳಿ, "ಏನೂ ಆಗಿಲ್ವಲ್ಲ, ಬಿಡಿ. ಕಾಮೆಂಟ್ ತೆಗೆಸ್ಬಿಟ್ರೆ ಮುಗೀತು," ಎಂದ. ಕೆಟ್ಟವನೇನಲ್ಲ, ನಿಜಕ್ಕೂ ಅವಳ ಸಮಾಧಾನಕ್ಕೇ ಹೇಳಿದ್ದ. ಆರಾಧನಾ ಆ ದಿನವಿಡೀ ತಾನು ಬರೆದ ಹಳೆಯ ಕಾಮೆಂಟುಗಳನ್ನು ಹುಡುಕಿ ಹುಡುಕಿ, "ಇದು ಅಂಗಡಿಯ ಪರವಾಗಿ ಬರೆದದ್ದು, ನಂಬಬೇಡಿ" ಎಂದು ಕೆಳಗೆ ಸೇರಿಸುತ್ತಾ ಹೋದಳು. ಈಶ್ವರ್‌ಗೆ ಗಿರಾಕಿಗಳಿಂದ ಫೋನುಗಳು ಬರತೊಡಗಿದವು. ಸಂಜೆಗೆ ಅವಳ ಕೆಲಸ ಹೋಯಿತು.

ಆಮೇಲಿನ ದಿನಗಳಲ್ಲಿ ಅವಳು ಮನೆಯಲ್ಲಿ ನಿಲ್ಲಲಾರದೆ ಬೀದಿ ಬೀದಿ ಅಲೆದಳು. ಡಿವಿಜಿ ರಸ್ತೆ, ಗವಿಪುರಂ, ಮತ್ತೆ ಗಾಂಧಿಬಜಾರು. ಜಾನಕಮ್ಮ ರಾತ್ರಿಯ ಅನ್ನ ಬಿಸಿ ಮಾಡಿಡುತ್ತಿದ್ದರು. ಆ ಅಲೆದಾಟದಲ್ಲೇ ಒಂದು ದಿನ ನಂಜುಂಡಯ್ಯನವರ ಅಂಗಡಿಯ ಮುಂದೆ ಬಂದು ನಿಂತಿದ್ದಳು. ಪೊಟ್ಟಣದ ಮೇಲೆ ಹೊಸ ಸಾಲೊಂದು ಅಚ್ಚಾಗಿತ್ತು: 'ಇದೇ ಮಿಲ್ಲಿನಲ್ಲಿ ಕಡಲೆಕಾಯಿ ಬೀಜವನ್ನೂ ಹುರಿಯುತ್ತೇವೆ.'

"ಅಕ್ಷರ ಸಣ್ಣದಾಯ್ತು ಯಜಮಾನ್ರೇ, ಕಾಣಲ್ಲ," ಎಂದಳು.

"ಹಾಗಾದ್ರೆ ನೀವೇ ಸರಿಯಾಗಿ ಬರ್ಕೊಡಿ ತಾಯಿ. ನಂಗೆ ಬರಿಯೋರು ಬೇಕು. ಆದ್ರೆ ಆ ಸುಳ್ಳು ಹೆಸರೆಲ್ಲ ಬೇಡ."

ಹೀಗೆ ಅವಳು ಮತ್ತೆ ಬ್ಲಾಗುಗಳ ಬಾಗಿಲಿಗೆ ಹೋದಳು, ಈ ಸಲ ತನ್ನ ಹೆಸರಿನಲ್ಲಿ. "ನಾನು ಆರಾಧನಾ, ಶ್ರೀಕಂಠ ಅಂಗಡಿಯ ಪರವಾಗಿ ಬರೆಯುತ್ತಿದ್ದೇನೆ" ಎಂದು ಶುರುಮಾಡಿದ ಕಾಮೆಂಟುಗಳನ್ನು ಅನೇಕರು ಓದದೇ ಅಳಿಸುತ್ತಿದ್ದರು. ಕೆಲವರು ಉಳಿಸಿಕೊಂಡು ರಾಗಿ ಹುರಿಯುವ ಹದ, ಮೊಳಕೆಯ ಲೆಕ್ಕ ಕೇಳುತ್ತಿದ್ದರು. ಅವಳು ಮಿಲ್ಲಿಗೆ ಹೋಗಿ ವಿಚಾರಿಸಿ ಉತ್ತರ ಕೊಡುತ್ತಿದ್ದಳು. ವ್ಯಾಪಾರ ನಿಧಾನ. ನಂಜುಂಡಯ್ಯ ಆಗಾಗ ನಿಟ್ಟುಸಿರು ಬಿಟ್ಟರೂ ಬೇಡ ಎನ್ನಲಿಲ್ಲ.

ಸುಪ್ರಜಾರ ಬ್ಲಾಗಿಗೆ ಮಾತ್ರ ಅವಳು ಏನೂ ಬರೆಯಲಿಲ್ಲ. ಆ ಪುಟದಲ್ಲಿ ಮಾನ್ಯಳ ಕಾಮೆಂಟು ಹಾಗೇ ಇತ್ತು, ಕೆಳಗೆ ಸುಪ್ರಜಾ ಒಂದು ಸಾಲು ಸೇರಿಸಿದ್ದರು: "ಇವರು ನಿಜವಲ್ಲ. ಯಾರೂ ನಂಬಬೇಡಿ."

ಯುಗಾದಿ ಕಳೆದ ಮೇಲೆ ಒಂದು ಬೆಳಿಗ್ಗೆ, ಅಂದು ರಿಂಗಾಗಿ ನಿಂತ ನಂಬರಿನಿಂದಲೇ ಫೋನು ಬಂತು.

"ನಾನು ಸುಪ್ರಜಾ. ಅಂಗಡಿಯವರ ಹತ್ರ ನಂಬರ್ ಇಸ್ಕೊಂಡೆ. ದಾವಣಗೆರೆಯಿಂದ ಒಬ್ರು ಕಾಮೆಂಟ್ ಹಾಕಿದಾರೆ. ಮಗಳಿಗೆ ಕಡ್ಲೆಕಾಯಿ ಆಗಲ್ವಂತೆ. ಫೋನ್ ನಂಬರ್ರೂ ಕೊಟ್ಟಿದಾರೆ. ಇದೂ ಅಂಥದ್ದೇನಾ, ನೋಡಿ ಹೇಳ್ತೀರಾ? ನಿಮಗೆ ಗೊತ್ತಾಗುತ್ತೆ."

ಆರಾಧನಾ ನಿಂತಲ್ಲೇ ಓದಿದಳು. ಉದ್ದನೆಯ ಕಾಮೆಂಟು, ಅರ್ಧಕ್ಕರ್ಧ ಕಾಗುಣಿತ ತಪ್ಪು. ಮದುವೆಮನೆಯಲ್ಲಿ ನಾದಿನಿ ಮಗುವಿನ ಬಾಯಿಗೆ ಚಿಕ್ಕಿ ಇಟ್ಟದ್ದು, ಅದಕ್ಕೆ ಜಗಳವಾದದ್ದು, ಗಂಡ ಮಾತು ಬಿಟ್ಟದ್ದು, ಎಲ್ಲ ಒಂದರ ಮೇಲೊಂದು ಬಿದ್ದಿತ್ತು. ಯಾವ ಅಂಗಡಿಯ ಹೆಸರೂ ಇರಲಿಲ್ಲ.

"ಇದು ಮಾರೋಕೆ ಬರೆದದ್ದಲ್ಲ ಅನ್ಸುತ್ತೆ," ಎಂದಳು.

"ಅನ್ಸುತ್ತೆ ಅಂದ್ರೆ? ಗ್ಯಾರಂಟಿ ಇಲ್ವಾ?"

"ಇಲ್ಲ. ನೀವೇ ಒಂದ್ಸಲ ಮಾತಾಡಿ ನೋಡಿ."

ಅತ್ತಲಿಂದ ಫೋನು ಕಟ್ಟಾಯಿತು. ಅಂದು ಅವಳಿಗೆ ಯಾವ ಕೆಲಸವೂ ಹತ್ತಲಿಲ್ಲ. ತನ್ನ ಅಂದಾಜು ತಪ್ಪಿದ್ದರೆ? ತನಗಿಂತ ಜಾಣರು ಯಾರೋ ಕಾಗುಣಿತವನ್ನೂ ಬೇಕೆಂದೇ ತಪ್ಪಿ ಬರೆದಿದ್ದರೆ? ಮಧ್ಯಾಹ್ನ ಸೊಪ್ಪು ತರುತ್ತೇನೆಂದು ಹೊರಟವಳು ಸೊಪ್ಪಿನವಳನ್ನು ದಾಟಿ ಹೋಗಿ, ಮತ್ತೆ ಹಿಂದೆ ಬಂದು, ದಂಟಿನ ಕಟ್ಟು ಕೈಯಲ್ಲಿ ಹಿಡಿದು ಬೆಲೆ ಕೇಳುವುದನ್ನೇ ಮರೆತು ನಿಂತಿದ್ದಾಗ ಮೆಸೇಜು ಬಂತು.

"ಈಗ ತಾನೇ ಫೋನ್ ಇಟ್ಟೆ. ಅವರ ಮಗಳ ಹೆಸರು ಮಾನಸ. ಬೇಸಿಗೆ ರಜಕ್ಕೆ ಬರ್ತಾರಂತೆ, ನಮ್ಮನೇಲೇ ಇಳ್ಕೊಳ್ಳಿ ಅಂದಿದೀನಿ."

ಆರಾಧನಾಳ ಹೆಸರಾಗಲಿ, ಒಂದು ಥ್ಯಾಂಕ್ಸ್ ಆಗಲಿ ಅದರಲ್ಲಿ ಇರಲಿಲ್ಲ. ಅವಳು ಅದನ್ನು ಓದಿ ಮುಗಿಸುವವರೆಗೂ ಸೊಪ್ಪಿನವಳು ಕಾದಳು. "ಬೇಕಾ ಬೇಡ್ವಾ ಹೇಳಮ್ಮ," ಎಂದಳು. "ಕೊಡಿ," ಎಂದು ಆರಾಧನಾ ಚೀಲ ಹಿಡಿದಳು.