ಅಳಿಸಿದ ಎರಡು ಅಕ್ಷರ

ಸುಂದರಬಾಯಿ ಕೊಳಕೂರಿಗೆ ನರ್ಸಾಗಿ ಬಂದ ಎರಡನೆಯ ವರ್ಷ, ಎಂಬತ್ಮೂರರ ಬೇಸಿಗೆಯಲ್ಲಿ, ಜೇವರ್ಗಿಯ ತಿಂಗಳ ಮೀಟಿಂಗಿನಲ್ಲಿ ಡಾಕ್ಟರು ಅವಳ ರಜಿಸ್ಟರನ್ನು ಮುಂದೆ ಹರವಿಕೊಂಡು ಎಲ್ಲರ ಎದುರಿಗೇ ಕೇಳಿದರು: "ಏನ್ ಸಿಸ್ಟರ, ನಿಮ್ಮೂರಾಗ ಮುದುಕರು, ಬಸುರೇರು, ಜ್ವರ ಬಂದವ್ರು, ಎಲ್ಲಾರ ನಾಡಿನೂ ಎಪ್ಪತ್ತೆರಡೇ ಬಡೀತದ?"

ಸುತ್ತ ಕೂತಿದ್ದ ನರ್ಸುಗಳು ಸೆರಗು ಬಾಯಿಗೆ ಹಿಡಿದು ನಕ್ಕರು. ಸುಂದರಬಾಯಿ ತಲೆ ಎತ್ತಲಿಲ್ಲ. ಮದುವೆಯಲ್ಲಿ ಬಂದಿದ್ದ ಅವಳ ಪುಟ್ಟ ವಾಚಿಗೆ ಸೆಕೆಂಡ್ ಮುಳ್ಳೇ ಇರಲಿಲ್ಲ. ಅಂದಾಜಿನ ಮೇಲೆ ನಾಡಿ ಎಣಿಸಿ, ಪುಸ್ತಕದಲ್ಲಿ ಕಲಿತ ಎಪ್ಪತ್ತೆರಡನ್ನೇ ಬರೆದುಬಿಡುತ್ತಿದ್ದಳು. ಉಳಿದಂತೆ ಅವಳು ಕೆಲಸಗಳ್ಳಿಯಲ್ಲ. ಉರಿಬಿಸಿಲಲ್ಲಿ ಮೂರು ಹಳ್ಳಿ ನಡೆದೇ ತಿರುಗುತ್ತಿದ್ದಳು, ಕರೆದಾಗ ಇಲ್ಲವೆಂದವಳಲ್ಲ. ಆದರೆ ಆ ಒಂದು ಅಂಕಿ ಸುಳ್ಳೆಂಬುದು ಅವಳಿಗೆ ಗೊತ್ತಿತ್ತು. ಈಗ ಎಲ್ಲರಿಗೂ ಗೊತ್ತಾಗಿತ್ತು. ಜೇವರ್ಗಿಯಿಂದ ಮರಳುವ ಬಸ್ಸಿನಲ್ಲಿ ಆ ಪುಟ್ಟ ವಾಚನ್ನು ಬಿಚ್ಚಿ ಚೀಲದ ತಳಕ್ಕೆ ಹಾಕಿದಳು.

ಅವಳ ತವರು ಆಳಂದ. ಗಂಡ ಸೋಲಾಪುರದ ಗಿರಣಿಗೆ ಕೆಲಸಕ್ಕೆಂದು ಹೋದವನು ಅಲ್ಲೇ ಇನ್ನೊಂದು ಸಂಸಾರ ಹೂಡಿದ್ದ. ಆಮೇಲೆಯೇ ಅವಳು ನರ್ಸಿನ ತರಬೇತಿ ಮಾಡಿದ್ದು. ಒಬ್ಬ ತಮ್ಮ ಬೊಂಬಾಯಿಯಲ್ಲಿದ್ದ. ಅವನಿಂದ ಕಾಗದ ಬಂದು ಆರು ವರ್ಷವಾಗಿತ್ತು. ತವರಿನಲ್ಲಿ ಉಳಿದವಳು ತಾಯಿ ಒಬ್ಬಳೇ. ತಾಯಿಯನ್ನು ನೋಡಲು ಹೋದಾಗ ಸುಂದರಬಾಯಿ ಬಸ್ ಸ್ಟ್ಯಾಂಡಿನ ಹತ್ತಿರ, ಬಟ್ಟೆ ಅಂಗಡಿಯ ಮೆಟ್ಟಿಲ ಕೆಳಗೆ ಗಾಜಿನ ಪೆಟ್ಟಿಗೆ ಇಟ್ಟುಕೊಂಡು ಕೂರುತ್ತಿದ್ದ ವಾಚ್ ರಿಪೇರಿಯ ಲಾಡ್ಲೇಸಾಬನ ಮುಂದೆ ನಿಂತಳು.

"ಸೆಕೆಂಡ್ ಮುಳ್ಳಿರೋ ವಾಚ್ ಬೇಕ್ರಿ. ಹೊಸಾದು ತಗೊಳ್ಳೋ ತಾಕತ್ತಿಲ್ಲ. ಹಳೇದಾದ್ರೂ ಟೈಮ್ ಖರೆ ತೋರಿಸ್ಬೇಕು."

ಲಾಡ್ಲೇಸಾಬ ಪೆಟ್ಟಿಗೆಯ ಮೂಲೆಯಿಂದ ಒಂದು ಗಂಡಸರ ವಾಚು ತೆಗೆದ. ಗಾಜಿನ ತುಂಬ ಗೀರು. ಪಟ್ಟಾ ಇಲ್ಲ. ನಾಲ್ಕರ ಅಂಕಿಯ ಹತ್ತಿರ ಚಹಾದ ಬಣ್ಣದ ಕಲೆ. ಮುಳ್ಳುಗಳು ನಿಂತು ಎಷ್ಟು ದಿನವಾಗಿತ್ತೋ.

"ಜಪಾನಿಂದು. ಸಿಟಿಜನ್. ದಿನಾ ಚಾವಿ ಕೊಡೋ ಜಾತಿದು" ಎಂದ. "ಸತ್ತಂಗ ಕಾಣ್ತದ, ಸತ್ತಿಲ್ಲ. ಒಳಗ ಎಣ್ಣಿ ಒಣಗಿ ಅಂಟಾಗ್ಯದ. ಬ್ಯಾಲೆನ್ಸ್ ಚಕ್ರದ ಕಡ್ಡಿ ಮುರದದ. ಅದು ಸೋಲಾಪುರದಾಗ ಸಿಗ್ತದ. ನೀವು ಹ್ಞೂಂ ಅಂದ್ರ ಎಬ್ಬಿಸಿ ಕೂಡಿಸ್ತೇನಿ."

ಅವಳು ಹ್ಞೂಂ ಅಂದಳು. ಕಡ್ಡಿ ಬರಲು ಹದಿನೈದು ದಿನ ಹಿಡಿಯಿತು. ಮುಂದಿನ ಸಲ ಬಂದಾಗ ಲಾಡ್ಲೇಸಾಬ ಅವಳನ್ನು ಸ್ಟೂಲಿನ ಮೇಲೆ ಕೂರಿಸಿಕೊಂಡೇ ವಾಚು ಬಿಚ್ಚಿದ. ಒಂದು ಕಣ್ಣಿಗೆ ಭೂತಗನ್ನಡಿ ಸಿಗಿಸಿಕೊಂಡು, ಚಿಮಟಿಯಿಂದ ಒಂದೊಂದೇ ಚಕ್ರ ಎತ್ತಿ ಪೆಟ್ರೋಲಿನ ಬಟ್ಟಲಿಗೆ ಬಿಟ್ಟ. ಬಟ್ಟಲಿನ ತಳದಲ್ಲಿ ಕಪ್ಪು ಕೆಸರು ಕೂತಿತು. ಸಾಸಿವೆಯಷ್ಟು ದಪ್ಪದ ತಿರುಪುಗಳನ್ನು ಬಿಳಿ ಕಾಗದದ ಮೇಲೆ ಸಾಲಾಗಿ ಇಟ್ಟ. ಹೊಸ ಕಡ್ಡಿ ಕೂರಿಸಿ, ಸೂಜಿಯ ತುದಿಯಿಂದ ಎಣ್ಣೆ ಮುಟ್ಟಿಸಿ, ಚಾವಿ ಎರಡು ಸುತ್ತು ತಿರುಗಿಸಿದಾಗ ಚಕ್ರ ಒಮ್ಮೆ ಹೊರಳಿತು, ನಿಂತಿತು, ಆಮೇಲೆ ನಿಲ್ಲದೆ ಆಡತೊಡಗಿತು. ಸುಂದರಬಾಯಿ ಎಷ್ಟೋ ಕೂಸುಗಳ ಮೊದಲ ಉಸಿರು ಕಂಡವಳು. ಅವಳಿಗೆ ಅಂಥದ್ದೇ ಸಂತೋಷವಾಯಿತು.

ಹೊಸ ಗಾಜು ಕೂತಿತು. "ಡಯಲ್ ಮ್ಯಾಲಿನ ಕಲೆ ತೆಗೀಲಿಕ್ಕೆ ಹೋದ್ರ ಅಂಕಿನೂ ಹೋಗ್ತಾವ" ಎಂದು ಅವನು ಹೇಳಿದ್ದರಿಂದ ಅದನ್ನು ಹಾಗೆಯೇ ಬಿಟ್ಟರು. ಹಿಂದಿನ ಮುಚ್ಚಳ ಹಾಕುವ ಮೊದಲು ಅವಳು ಅದನ್ನು ಕೈಗೆ ತೆಗೆದುಕೊಂಡು ನೋಡಿದಳು. ಅದರ ಮೇಲೆ ಇಂಗ್ಲಿಷಿನಲ್ಲಿ ಎಸ್, ಎಲ್ ಎಂದು ಎರಡು ಅಕ್ಷರ ಕೊರೆದಿತ್ತು.

"ಇದನ್ನ ಅಳಿಸಿ ಕೊಡ್ರಿ" ಎಂದಳು.

"ಇರ್ಲಿ ಬಿಡ್ರಿ ಬಾಯಾರ. ಚರ್ಮಕ್ಕ ಹತ್ತಿರ್ತದ, ಯಾರು ನೋಡ್ತಾರ?"

"ನನಗ ಗೊತ್ತಿರ್ತದಲ್ರಿ."

ಇನ್ನೊಬ್ಬರು ಬಿಟ್ಟದ್ದು ಎಂಬ ಗುರುತು ತನ್ನ ಮೈಮೇಲೆ ಇರುವುದು ಅವಳಿಗೆ ಬೇಡವಾಗಿತ್ತು. ಲಾಡ್ಲೇಸಾಬ ನುಣುಪಾದ ಉಸುಕಿನ ಕಾಗದ ಹಿಡಿದು ಅರ್ಧ ತಾಸು ತಿಕ್ಕಿದ. ಅಕ್ಷರ ಹೋದವು. ಸ್ಟೀಲಿನ ಚೈನು ಹಾಕಿದ ಮೇಲೆ ವಾಚು ಹೊಸದರಂತೆಯೇ ಕಂಡಿತು.

ಕೊಳಕೂರಿನಲ್ಲಿ ಮೊದಲು ಕೇಳಿದವರು ಹಿಟ್ಟಿನ ಗಿರಣಿಯ ಮುಂದೆ ಪಾಳಿ ಹಚ್ಚಿದ್ದ ಹೆಂಗಸರು. "ಎಲ್ಲಿಂದ್ರಿ ಬಾಯಾರ, ಇಷ್ಟ ದೊಡ್ಡ ವಾಚು?"

"ತಮ್ಮ ಕಳಿಸ್ಯಾನ. ದುಬೈದಾಗ ಇರ್ತಾನ."

ಮಾತು ತಾನಾಗಿ ಬಾಯಿಂದ ಜಾರಿತ್ತು. ಹಿಂದಕ್ಕೆ ತೆಗೆದುಕೊಳ್ಳಬಹುದಿತ್ತು, ತೆಗೆದುಕೊಳ್ಳಲಿಲ್ಲ. ಯಾಕೆಂದರೆ ಆ ದಿನದಿಂದ ಊರಿನವರು ಅವಳ ಗಂಡನ ಸುದ್ದಿ ಕೆದಕುವುದನ್ನು ಬಿಟ್ಟು ತಮ್ಮನ ಸುದ್ದಿ ಕೇಳತೊಡಗಿದರು. ಅವಳ ಹಿಂದೆ ಒಬ್ಬ ಗಂಡು ದಿಕ್ಕಿದ್ದಾನೆ ಎಂಬಂತೆ ಮಾತಾಡಿಸತೊಡಗಿದರು. ತಮ್ಮನಿಗೆ ಅವಳು ಕ್ರೇನ್ ನಡೆಸುವ ಕೆಲಸವನ್ನೂ ಕೊಟ್ಟಳು. ಇತ್ತ ರಜಿಸ್ಟರಿನಲ್ಲಿ ಎಂಬತ್ನಾಲ್ಕು, ಅರವತ್ತಾರು, ತೊಂಬತ್ತೊಂದು ಎಂದು ಖರೆ ಅಂಕಿಗಳು ಬಿದ್ದವು. "ಈಗ ನೋಡ್ರಿ, ಕೊಳಕೂರ ಮಂದಿಗೆ ಜೀವ ಬಂತು" ಎಂದು ಡಾಕ್ಟರು ನಕ್ಕರು. ಅವಳೂ ನಕ್ಕಳು.

ಮಳೆಗಾಲದಲ್ಲಿ ಒಂದು ಬೆಳಿಗ್ಗೆ ಶಾಂತಲಿಂಗಪ್ಪ ಮಾಸ್ತರರ ಮನೆಯಿಂದ ಕರೆ ಬಂತು. ಮಾಸ್ತರರು ಊರ ಶಾಲೆಯ ಹೆಡ್ ಮಾಸ್ತರರಾಗಿ ನಿವೃತ್ತರಾದವರು. ಅರ್ಧ ಊರು ಅವರ ಕೈಯಲ್ಲಿ ಅಕ್ಷರ ಕಲಿತಿತ್ತು. ಇಸ್ಪೀಟಿನ ಕಟ್ಟೆಗೆ ಹೋಗಿ ಎಲೆ ಕಸಿದು ಹರಿದು ಹಾಕಿದ ಮನುಷ್ಯ ಎಂದು ಜನ ಇನ್ನೂ ಹೇಳುತ್ತಿದ್ದರು. ತಲೆ ಸುತ್ತು ಬಂದು ಮಂಚದ ಮೇಲೆ ಮಲಗಿದ್ದರು. ಸೊಸೆ ಶಾರದಾಬಾಯಿ ತಲೆದೆಸೆಗೆ ನಿಂತಿದ್ದಳು.

ಸುಂದರಬಾಯಿ ಅವರ ಮುಂಗೈ ಹಿಡಿದು ವಾಚು ನೋಡುತ್ತ ಎಣಿಸತೊಡಗಿದಳು. ನಾಡಿ ಸಾವಕಾಶ ನಡೆದಿತ್ತು. ನಡುವೆ ಒಮ್ಮೆಲೇ ಓಡತೊಡಗಿತು. ಮುಖ ನೋಡಿದರೆ ಮಾಸ್ತರರ ಕಣ್ಣು ಅವಳ ವಾಚಿನ ಮೇಲಿತ್ತು, ನಾಲ್ಕರ ಹತ್ತಿರದ ಕಲೆಯ ಮೇಲೆ.

ಶಾರದಾಬಾಯಿಯೂ ಬಗ್ಗಿ ನೋಡಿದಳು. "ನಮ್ಮ ಮಾವನೋರ ವಾಚೂ ಹಿಂಗೇ ಇತ್ರಿ. ಸಾಲಿ ಮಂದಿ ಕೊಟ್ಟಿದ್ದು, ಹಿಂದ ಇವರ ಹೆಸರಿನ ಅಕ್ಷರ ಇದ್ದವು. ಹ್ವಾದ ವರ್ಷ ಆ ನಿಂಬೆವ್ವ, ಭಾಂಡೆ ತಿಕ್ಕಾಕ ಬರ್ತಿದ್ದಳಲ್ಲ, ಅಕಿ ತುಡುಗು ಮಾಡಿದಳು. ಅಂಗಳದಿಂದಲೇ ಓಡಿಸಿದೆ. ನಿಮ್ಮದು ಎಲ್ಲಿಂದು?"

ಸುಂದರಬಾಯಿಯ ಕಿವಿಯಲ್ಲಿ ಉಸುಕಿನ ಕಾಗದದ ಸಪ್ಪಳ ಕೇಳಿದಂತಾಯಿತು. ಶಾಂತಲಿಂಗಪ್ಪ. ಎಸ್, ಎಲ್. ಆಗಲೇ ಹೇಳಬೇಕಿತ್ತು.

"ದುಬೈಯಿಂದು" ಎಂದಳು. "ತಮ್ಮ ಕಳಿಸ್ಯಾನ."

ಮಾಸ್ತರರು ಕಣ್ಣು ಮುಚ್ಚಿಕೊಂಡು ಗೋಡೆಯ ಕಡೆ ಹೊರಳಿದರು. ಅವಳು ಗುಳಿಗೆ ಕೊಟ್ಟು ಹೊರಬಿದ್ದಳು.

ಮನೆಗೆ ಬಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ನಿಂಬೆವ್ವನೇ ಕದ್ದು ಮಾರಿರಬಹುದಲ್ಲ. ಆ ಸಮಾಧಾನ ನಾಲ್ಕು ದಿನ ನಿಂತಿತು. ಐದನೆಯ ದಿನ ಆಳಂದಕ್ಕೆ ಹೋಗಿ ಲಾಡ್ಲೇಸಾಬನನ್ನು ಕೇಳಿದಳು, ಈ ವಾಚು ನಿನಗೆ ಮಾರಿದವರು ಯಾರೆಂದು.

"ಒಬ್ಬ ಹಿರೇರು. ಧೋತರ, ಕರೀ ಟೊಪ್ಪಿಗಿ. ಇಲ್ಲೇ ಮಗಳ ಮನಿಗೆ ಬಂದಿದ್ರಂತ" ಎಂದ ಅವನು. "ಕೈಯಾಗ ಲಾಟರಿ ಟಿಕೀಟಿನ ಕಟ್ಟು ಹಿಡಕೊಂಡಿದ್ರು, ಅದಕ್ಕ ನೆನಪದ. ನಿಮ್ಮಂಗೇ ಅವ್ರೂ ಅಂದ್ರು, ಆ ಅಕ್ಷರ ಅಳಿಸಿಬಿಡು ಅಂತ. ನಾ ಮರ್ತಿದ್ದೆ."

ಧೋತರ, ಕರಿ ಟೊಪ್ಪಿಗೆ, ಆಳಂದಕ್ಕೆ ಕೊಟ್ಟ ಮಗಳು: ಅವರು ಶಾಂತಲಿಂಗಪ್ಪ ಮಾಸ್ತರರೇ ಎಂದು ಅವಳಿಗೆ ತಿಳಿಯಿತು. ಮಾಸ್ತರರು ಗುಟ್ಟಾಗಿ ಲಾಟರಿಗೆ ಬಿದ್ದಿದ್ದರು. ವಾಚು ಮಾರಿ, ಮನೆಯವರು ಕಳವನ್ನು ನಿಂಬೆವ್ವನ ಮೇಲೆ ಹಾಕಿದಾಗ ಸುಮ್ಮನಿದ್ದರು. ಅವರ ನಾಚಿಕೆಗೆ ತನ್ನ ಸುಳ್ಳು ಹೊದಿಕೆಯಾಗಿತ್ತು. ಖರೆ ಹೇಳಬೇಕೆಂದರೆ ಮೊದಲು ದುಬೈಯ ತಮ್ಮನನ್ನು ಕೊಲ್ಲಬೇಕು. ಊರಿನಲ್ಲಿ ಮತ್ತೆ ಗಂಡ ಬಿಟ್ಟವಳಾಗಬೇಕು, ಜೊತೆಗೆ ಸುಳ್ಳುಬುರುಕಿಯೂ.

ಮೂರು ತಿಂಗಳು ಸುಮ್ಮನಿದ್ದಳು. ಮಾಸ್ತರರ ಮನೆಯ ಓಣಿ ಬಿಟ್ಟು ಸುತ್ತು ಬಳಸಿ ಹೋಗುತ್ತಿದ್ದಳು. ದಿನಾ ಬೆಳಿಗ್ಗೆ ಚಾವಿ ಕೊಡುವಾಗ ಕೈ ತಡೆಯುತ್ತಿತ್ತು. ಆದರೂ ಕೊಡುತ್ತಿದ್ದಳು; ನಾಡಿ ಎಣಿಸಲು ಬೇರೆ ವಾಚಿರಲಿಲ್ಲ.

ಸುಗ್ಗಿಗೆ ಮುಂಚೆ ಒಂದು ದಿನ ನಿಂಬೆವ್ವ ಕೈಗೆ ಬಟ್ಟೆ ಸುತ್ತಿಕೊಂಡು ಬಂದಳು. ಐವತ್ತರ ಹತ್ತಿರದ ಹೆಂಗಸು. ಮಾಸ್ತರರ ಮನೆಯಿಂದ ಓಡಿಸಿದ ಮೇಲೆ ಊರಿನಲ್ಲಿ ಯಾರೂ ಅವಳನ್ನು ಮನೆಯೊಳಗಿನ ಕೆಲಸಕ್ಕೆ ಕರೆದಿರಲಿಲ್ಲ. ರಸ್ತೆಯ ಕೆಲಸದಲ್ಲಿ ಜಲ್ಲಿ ಒಡೆಯುತ್ತಿದ್ದಳು. ಸುತ್ತಿಗೆ ತಪ್ಪಿ ಎಡಗೈಯ ಎರಡು ಬೆರಳು ಜಜ್ಜಿಹೋಗಿದ್ದವು.

ಗಾಯ ತೊಳೆದು, ಜ್ವರವಿದೆಯೇನೋ ಎಂದು ಸುಂದರಬಾಯಿ ನಾಡಿ ಹಿಡಿದಳು. ವಾಚು ನಿಂಬೆವ್ವನ ಕಣ್ಣಿನಿಂದ ಗೇಣು ದೂರದಲ್ಲಿತ್ತು.

"ಚಂದದ್ರಿ ಬಾಯಾರ" ಎಂದಳು ನಿಂಬೆವ್ವ. "ದುಬೈ ವಾಚ್ ಅಂದ್ರ ಇದೇ ಏನು? ನಾ ವಾಚು ಕದ್ದೆ ಅಂತಾರ ನೋಡ್ರಿ. ಅದು ಹೆಂಗಿತ್ತಂತ ನನಗ ಗೊತ್ತೇ ಇಲ್ಲ. ಗ್ವಾಡಿ ಮಾಡದಾಗ ಇಡ್ತಿದ್ರು, ನಾ ಕಸಾ ಹೊಡಿಯೋ ಮುಂದ ಅತ್ತ ನೋಡ್ತಿದ್ದಿಲ್ಲ."

ಸುಂದರಬಾಯಿಯ ಎಣಿಕೆ ತಪ್ಪಿತು. ಮತ್ತೆ ಮೊದಲಿನಿಂದ ಎಣಿಸಿದಳು, ಮತ್ತೆ ತಪ್ಪಿತು. ಪಟ್ಟಿ ಕಟ್ಟಿ ಕಳಿಸಿದಳು. ಆಕೆ ಕಣ್ಮರೆಯಾದ ಮೇಲೆ ಬಾಗಿಲು ಹಾಕಿಕೊಂಡು, ಸೆರಗು ಮುಖಕ್ಕೆ ಒತ್ತಿ ಕೂತಳು.

ಮರುದಿನ ನಡುಮಧ್ಯಾಹ್ನ ಮಾಸ್ತರರ ಮನೆಗೆ ಹೋದಳು. ಮಾಸ್ತರರು ಪಡಸಾಲೆಯಲ್ಲಿ ಕೂತಿದ್ದರು, ಶಾರದಾಬಾಯಿ ಜೋಳ ಹಸನು ಮಾಡುತ್ತಿದ್ದಳು. ಸುಂದರಬಾಯಿ ವಾಚು ಬಿಚ್ಚಿ ಮಂಚದ ಮೇಲಿಟ್ಟಳು.

"ದುಬೈಯಿಂದ ಬಂತು ಅಂದಿದ್ದು ಸುಳ್ಳ್ರಿ. ನನ್ನ ತಮ್ಮ ಎಲ್ಲಿದ್ದಾನಂತ ನನಗೇ ಗೊತ್ತಿಲ್ಲ. ಇದನ್ನ ಆಳಂದದಾಗ ಹಳೇದು ತಗೊಂಡು ರಿಪೇರಿ ಮಾಡಿಸೀನಿ. ಹಿಂದ ಎರಡು ಅಕ್ಷರ ಇದ್ದವು. ನಾನೇ ಹೇಳಿ ಅಳಿಸೀನಿ."

ಶಾರದಾಬಾಯಿ ಮೊರ ಕೆಳಗಿಟ್ಟಳು. ವಾಚು ತಿರುವಿ ಮುರುವಿ ನೋಡಿ ಹೇಳಿದಳು: "ಅಂದ್ರ ಆ ನಿಂಬೆವ್ವ ಆಳಂದತನಾ ಹೋಗಿ ಮಾರ್‍ಯಾಳ?"

ಸುಂದರಬಾಯಿ ಮಾಸ್ತರರ ಕಡೆ ನೋಡಲಿಲ್ಲ. ಜೋಳಕ್ಕೆ ಬಂದ ಗುಬ್ಬಿಯನ್ನು ಯಾರೂ ಓಡಿಸಲಿಲ್ಲ.

"ನಿಂಬೆವ್ವ ಅಲ್ಲ" ಎಂದರು ಮಾಸ್ತರರು ಕೊನೆಗೆ. "ನಾನೇ ಮಾರಿದೆ. ಲಾಟರಿಗೆ." ಆಮೇಲೆ ಸುಂದರಬಾಯಿಗೆ ಮಾತ್ರ ಎಂಬಂತೆ, "ಆವತ್ತು ನೀ ದುಬೈ ಅಂದಾಗ ನಾ ಉಳಕೊಂಡೆ ಅಂದ್ಕೊಂಡೆ ತಂಗಿ. ಆವತ್ತಿಂದ ನೆಟ್ಟಗ ನಿದ್ದಿ ಹತ್ತಿಲ್ಲ" ಎಂದರು.

ಶಾರದಾಬಾಯಿಯ ಮುಖ ಕೆಂಪಾಯಿತು. ಮಾವನಿಗೆ ಏನೂ ಅನ್ನಲಾರದೆ ನರ್ಸಿನ ಕಡೆ ತಿರುಗಿದಳು. "ಇಷ್ಟು ದಿನ ಸುಮ್ಮನಿದ್ದವ್ರು ಇವತ್ತ್ಯಾಕ ಬಂದ್ರಿ? ನಮ್ಮ ಮನಿ ಮರ್ಯಾದಿ ತೆಗೀಲಿಕ್ಕೆ? ತಗೊಂಡು ಹೋಗ್ರಿ ನಿಮ್ಮ ವಾಚ್."

ಸುಂದರಬಾಯಿ ವಾಚು ಎತ್ತಿಕೊಂಡು ನೇರ ಜಲ್ಲಿ ಒಡೆಯುವ ಜಾಗಕ್ಕೆ ನಡೆದಳು. ನಿಂಬೆವ್ವ ಪಟ್ಟಿ ಕಟ್ಟಿದ ಕೈ ಮಡಿಲಲ್ಲಿಟ್ಟು ಒಂದೇ ಕೈಯಿಂದ ಬುಟ್ಟಿ ತುಂಬುತ್ತಿದ್ದಳು. ಸುಂದರಬಾಯಿ ಅವಳ ಎದುರಿಗೆ ಕುಕ್ಕರಗಾಲಲ್ಲಿ ಕೂತು ಎಲ್ಲವನ್ನೂ ಹೇಳಿದಳು.

ನಿಂಬೆವ್ವ ಕೊನೆಯತನಕ ಕೇಳಿದಳು. "ನಿಮಗ ಯಾವಾಗಿಂದ ಗೊತ್ತಿತ್ತು?"

"ಮೂರು ತಿಂಗಳಾತು."

"ನಿನ್ನಿ ನನ್ನ ಕೈಗೆ ಪಟ್ಟಿ ಕಟ್ಟೋ ಮುಂದೂ ಗೊತ್ತಿತ್ತು."

"ಗೊತ್ತಿತ್ತು."

ನಿಂಬೆವ್ವ ಬುಟ್ಟಿ ತುಂಬುವುದನ್ನು ಮುಂದುವರಿಸಿದಳು. ಬೈದಿದ್ದರೆ ಸುಂದರಬಾಯಿಗೆ ಹಗುರವಾಗುತ್ತಿತ್ತೇನೋ. ಆಕೆ ಬೈಯಲಿಲ್ಲ.

ಸುದ್ದಿ ಎರಡು ದಿನದಲ್ಲಿ ಊರೆಲ್ಲ ತಿರುಗಿತು. ಮಾಸ್ತರರನ್ನು ಯಾರೂ ಎದುರಿಗೆ ಏನೂ ಕೇಳಲಿಲ್ಲ, ದೊಡ್ಡವರೆಂದು ಬಿಟ್ಟರು. ಸುಂದರಬಾಯಿಯನ್ನು ಬಿಡಲಿಲ್ಲ. ಗಿರಣಿಯ ಮುಂದೆ "ದುಬೈ ಸಿಸ್ಟರ್" ಎಂಬ ಹೆಸರು ಬಿತ್ತು. ಎಂಬತ್ತೊಂಬತ್ತರಲ್ಲಿ ಅಫಜಲಪುರಕ್ಕೆ ವರ್ಗವಾಗುವವರೆಗೂ ಅದು ಹೋಗಲಿಲ್ಲ. ಅವಳು ಆ ಹೆಸರಿಗೆ ಓಗೊಡುತ್ತಿದ್ದಳು. ಶಾರದಾಬಾಯಿ ನಿಂಬೆವ್ವನಿಗೆ ಕೆಲಸಕ್ಕೆ ಬಾ ಎಂದು ಎರಡು ಸಲ ಹೇಳಿ ಕಳಿಸಿದಳು. ನೀನು ಕಳ್ಳಿಯಲ್ಲ ಎಂದು ಮಾತ್ರ ಹೇಳಿ ಕಳಿಸಲಿಲ್ಲ. ನಿಂಬೆವ್ವ ಹೋಗಲಿಲ್ಲ.

ಆದರೆ ಬೆರಳು ಮಾಯುವವರೆಗೆ ನಿಂಬೆವ್ವ ಪಟ್ಟಿ ಬದಲಿಸಿಕೊಳ್ಳಲು ಬರಲೇಬೇಕಿತ್ತು. ಎಂಟು ದಿನ ಬಂದಳು. ಬಾಗಿಲಲ್ಲಿ ಕೂತು ಕೈ ಚಾಚಿ ಮುಖ ಬೇರೆ ಕಡೆ ಮಾಡುತ್ತಿದ್ದಳು. ಸುಂದರಬಾಯಿ ಬಿಸಿನೀರಲ್ಲಿ ಹಳೆಯ ಪಟ್ಟಿ ನೆನೆಸಿ, ನೋಯದಂತೆ ಬಿಡಿಸಿ, ಔಷಧ ಹಚ್ಚುತ್ತಿದ್ದಳು. ಒಂಬತ್ತನೆಯ ದಿನ ಬಿಸಿನೀರು ಕಾಯಿಸಿಟ್ಟುಕೊಂಡು ಮಧ್ಯಾಹ್ನದ ತನಕ ಕಾದಳು. ನಿಂಬೆವ್ವ ಬರಲಿಲ್ಲ. ಬೆರಳು ಮಾದಿದ್ದವು ಎಂದು ಆಮೇಲೆ ಯಾರೋ ಹೇಳಿದರು.