ಗುಮ್ಮಟ ತಿರುಗಿಸಲು ಹೋದವಳು

ಬೆಟ್ಟಕ್ಕೆ ಬಂದ ಮೊದಲ ಬೆಳಿಗ್ಗೆ, ಹತ್ತು ಗಂಟೆಗೆ, ಅಂಗಳದ ನಲ್ಲಿಯ ಕೆಳಗೆ ಕಬ್ಬಿಣದ ಬಕೆಟ್ ಇಟ್ಟೆ. ನೀರು ಬಿದ್ದ ಸದ್ದಿಗೆ ಎದುರು ಮನೆಯ ಕಿಟಕಿ ತೆರೆಯಿತು. ಗಡ್ಡದ ವಿಜ್ಞಾನಿಯೊಬ್ಬರು ಕಂಬಳಿ ಹೊದ್ದುಕೊಂಡೇ ಕೈಮುಗಿದರು: "ತಂಗೀ, ನಮಗಿದು ನಡುರಾತ್ರಿ." ಅದೇ ಸಂಜೆ ಕೋಣೆಯ ದೀಪ ಹಾಕಿದೆ. ಎರಡು ನಿಮಿಷ ಕಳೆದಿಲ್ಲ, ಚೌಕಿದಾರ ಬಂದು ಬಾಗಿಲು ಬಡಿದ. ಕಿಟಕಿಗೆ ಕರಿ ಪರದೆ ಎಳೆಯದೆ ದೀಪ ಹಾಕುವುದು ಇಲ್ಲಿ ತಪ್ಪಂತೆ. ಹಗಲು ಸದ್ದು ಮಾಡಬಾರದು, ಇರುಳು ಬೆಳಕು ಮಾಡಬಾರದು. ಚಳ್ಳಕೆರೆಯಲ್ಲಿ ಎಣ್ಣೆ ಮಿಲ್ಲಿನ ಸದ್ದು ನಿಂತರೆ ಎಚ್ಚರವಾಗುತ್ತಿದ್ದವಳು ನಾನು. ಎಂಥ ಊರಿಗೆ ಬಂದೆನಪ್ಪಾ ಎಂದು ಕತ್ತಲಲ್ಲೇ ಕೂತೆ.

ಅದು ೧೯೯೬ರ ಅಕ್ಟೋಬರ್. ಹಿಮಾಲಯದ ಕೆಳಸಾಲಿನ ಕುಮಾವೂಂ ಸೀಮೆಯ ಒಂದು ಬೆಟ್ಟದ ನೆತ್ತಿಯ ಮೇಲೆ ಖಗೋಳ ವೀಕ್ಷಣಾಲಯವಿದೆ. ಅಲ್ಲಿಗೆ ನಾನು ವಿದ್ಯುತ್ ವಿಭಾಗದ ಕೆಲಸಗಾರ್ತಿಯಾಗಿ ಸೇರಿದ್ದೆ. ಅಬ್ಬಾಗೆ ಚಳ್ಳಕೆರೆಯಲ್ಲಿ ಮೋಟರ್ ವೈಂಡಿಂಗ್ ಅಂಗಡಿ. ಸುಟ್ಟುಹೋದ ಪಂಪ್‌ಸೆಟ್ಟು, ಮಿಲ್ಲಿನ ಮೋಟರುಗಳ ಹಳೆ ತಂತಿ ಬಿಚ್ಚಿ ಹೊಸದು ಸುತ್ತುವ ಕೆಲಸ. ಶಾಲೆ ಬಿಟ್ಟ ಮೇಲೆ ಅಲ್ಲೇ ಕೂತು ಕೂತು ನನ್ನ ಕೈಗೂ ಅದು ಹತ್ತಿತು. ಚಿತ್ರದುರ್ಗದಲ್ಲಿ ಡಿಪ್ಲೊಮಾ ಮುಗಿಸಿ, ಪತ್ರಿಕೆಯ ಜಾಹೀರಾತು ನೋಡಿ ಅರ್ಜಿ ಹಾಕಿದ್ದೆ. ಕೆಲಸ ಸಿಕ್ಕಾಗ ಅಮ್ಮಿ ಮೂರು ದಿನ ಮಾತು ಬಿಟ್ಟರು. ಅಬ್ಬಾ ಮಾತ್ರ ಜೊತೆಗೆ ರೈಲು ಹತ್ತಿ, ಬೆಟ್ಟದವರೆಗೂ ಬಂದು ಬಿಟ್ಟುಹೋದರು. ಹೊರಡುವಾಗ ಹೇಳಿದ್ದು ಇಷ್ಟೇ: "ಆರು ತಿಂಗ್ಳು ನೋಡು ಶಾಹೀನ್. ಆಗಲ್ಲ ಅನ್ಸಿದ್ರೆ ಬಂದ್ಬಿಡು. ಅಂಗಡಿ ಎಲ್ಲೂ ಹೋಗಲ್ಲ."

ಇದನ್ನವರು ಕನ್ನಡದಲ್ಲಿ ಹೇಳಿದರು. ನಮ್ಮ ಮನೆಯ ಮಾತು ಉರ್ದು. ಆದರೆ ಅಂಗಡಿಗೆ ಬರುವವರೆಲ್ಲ ಕನ್ನಡದವರಾದ್ದರಿಂದ ಕೆಲಸದ ಮಾತು ಬಂದರೆ ಅಬ್ಬಾ ತಾವಾಗಿಯೇ ಕನ್ನಡಕ್ಕೆ ಹೊರಳುತ್ತಿದ್ದರು. ನಾನು ಕೆಲಸ ಕಲಿತದ್ದೂ ಆ ಮಾತಿನಲ್ಲೇ.

ಉರ್ದು ಬರುತ್ತದಲ್ಲ, ಹಿಂದಿ ಸೀಮೆಯಲ್ಲಿ ಕಷ್ಟವೇನು ಎಂದುಕೊಂಡಿದ್ದೆ. ಮೊದಲ ದಿನವೇ ಕ್ಯಾಂಟೀನಿನಲ್ಲಿ ಇನ್ನೊಂದು ರೊಟ್ಟಿ ಹಾಕಲು ಬಂದವರಿಗೆ "ನಕ್ಕೋ" ಎಂದೆ. ನಮ್ಮ ಕಡೆಯ ಉರ್ದುವಿನಲ್ಲಿ ಅದು 'ಬೇಡ'. ಇಡೀ ಸಾಲು ನಕ್ಕಿತು. ಅಂದಿನಿಂದ ನನ್ನ ಹೆಸರೇ ನಕ್ಕೋ ಆಯಿತು.

ನಗದೆ ಇದ್ದವರು ದೇವಕಿ ದೀದಿ ಒಬ್ಬರೇ. ಕ್ಯಾಂಟೀನಿನ ಅಡುಗೆಯವರು, ಗಂಡ ತೀರಿಕೊಂಡವರು. ನನಗೆ ಬಾಡಿಗೆಗೆ ಸಿಕ್ಕಿದ್ದು ಅವರ ಮನೆಯ ಒಂದು ಕೋಣೆ, ಕಲ್ಲಿನ ಗೋಡೆ, ಚಪ್ಪಡಿಯ ಸೂರು. ಒಂದು ದಿನ ಅವರು ತಟ್ಟಿದ ಕಪ್ಪು ರೊಟ್ಟಿ ಮುರಿದು ಬಾಯಿಗಿಟ್ಟವಳು ಹಾಗೇ ನಿಂತುಬಿಟ್ಟೆ. ರಾಗಿ! ಇಲ್ಲಿಯವರು ಅದಕ್ಕೆ 'ಮಡುವಾ' ಅನ್ನುತ್ತಾರೆ. ಮರುದಿನವೇ ಮುದ್ದೆ ಕಟ್ಟಿ ಬಡಿಸಿದೆ. ದೀದಿ ಅಗಿದೂ ಅಗಿದೂ ಸುಸ್ತಾದರು. ಅಗಿಯಬಾರದು, ನುಂಗಬೇಕು ಎಂದೆ. "ಹಲ್ಲು ಯಾಕೆ ಕೊಟ್ಟ ದೇವರು?" ಎಂದು ಕೇಳಿದರು. (ಅವರ ಪಹಾಡಿ, ಅಂದರೆ ಬೆಟ್ಟದ ಸೀಮೆಯ, ಹಿಂದಿಯನ್ನು ನನ್ನ ಕನ್ನಡದಲ್ಲಿ ಬರೆಯುತ್ತಿದ್ದೇನೆ.)

ವೀಕ್ಷಣಾಲಯದ ಹಳೆಯ ಕಥೆ ನನಗೆ ತಿಳಿದದ್ದೂ ಅವರ ಒಲೆಯ ಮುಂದೆಯೇ. ಸ್ವಾತಂತ್ರ್ಯ ಬಂದ ಹೊಸದರಲ್ಲಿ, ಬಯಲು ಸೀಮೆಯ ಧೂಳು ಮತ್ತು ದೀಪಗಳಿಂದ ದೂರ ಎಂದು ಈ ನೆತ್ತಿಯನ್ನು ಆರಿಸಿದರಂತೆ. ಆಗ ರಸ್ತೆ ಅರ್ಧ ಬೆಟ್ಟದವರೆಗೆ ಮಾತ್ರ ಇತ್ತು. ಸಣ್ಣ ಪೆಟ್ಟಿಗೆಗಳು ಹೇಸರಗತ್ತೆಯ ಮೇಲೆ ಬಂದವು. ದೂರದರ್ಶಕದ ದೊಡ್ಡ ಕನ್ನಡಿಯನ್ನು ಮಾತ್ರ ಊರಿನವರು ಬೊಂಬಿಗೆ ಕಟ್ಟಿ ಹೆಗಲ ಮೇಲೆ ಹೊತ್ತು ತಂದರು. ದೀದಿಯ ಮಾವನೂ ಹೆಗಲು ಕೊಟ್ಟವರು. "ಒಳಗೇನಿದೆ ಅಂತ ಗೊತ್ತಿರಲಿಲ್ಲವಂತೆ. ಹೆಣಕ್ಕಿಂತ ಮೆಲ್ಲಗೆ ನಡೀರಿ ಅಂದಿದ್ದರಂತೆ, ಅಷ್ಟೇ," ಎಂದರು ದೀದಿ. ಅಂದಿನಿಂದ ಇಲ್ಲಿ ಮುಖ್ಯವಾಗಿ ನಡೆದಿರುವುದು ಬೆಳಕು ಏರಿಳಿಯುವ ನಕ್ಷತ್ರಗಳನ್ನು ಕಾಯುವ ಕೆಲಸ. ಒಂದೇ ನಕ್ಷತ್ರವನ್ನು ದಿನ ದಿನ ಅಳೆದು ಬರೆದಿಡುತ್ತಾರೆ. ಹಳೆಯ ಗಾಜಿನ ಫೋಟೊ ತಟ್ಟೆಗಳು ಒಂದು ಕೋಣೆಯ ತುಂಬ ಇವೆ. ನಾನು ಬರುವ ಹೊತ್ತಿಗೆ ಅವುಗಳ ಜಾಗಕ್ಕೆ ಕಂಪ್ಯೂಟರಿನ ಕ್ಯಾಮೆರಾ ಬಂದಿತ್ತು.

ನನ್ನ ಕೆಲಸ ಹಗಲಿನದು. ಗುಮ್ಮಟ ತಿರುಗಿಸುವ ಮೋಟರು, ದೂರದರ್ಶಕ ಆಕಾಶ ನೋಡಲು ಗುಮ್ಮಟದಲ್ಲಿರುವ ಸೀಳಿನ ಬಾಗಿಲು, ಜನರೇಟರು ಇವನ್ನೆಲ್ಲ ಸಂಜೆಯೊಳಗೆ ಸಜ್ಜು ಮಾಡಿಡಬೇಕು. ಕಾರ್ಯಾಗಾರದ ಮುಖ್ಯಸ್ಥರು ಜೋಶಿ ಸಾಹೇಬರು. ಕೆಟ್ಟವರಲ್ಲ, ಆದರೆ ಗುಮ್ಮಟದ ಏಣಿ ಹತ್ತಲು ನನ್ನನ್ನು ಬಿಡುತ್ತಿರಲಿಲ್ಲ. "ನೀನು ಫ್ಯೂಸ್ ನೋಡು ಬೇಟಿ, ಮೇಲಿನದು ಹುಡುಗರು ನೋಡುತ್ತಾರೆ." ಐದು ತಿಂಗಳು ಫ್ಯೂಸ್ ನೋಡಿದೆ. ಹಿಮ ಬಿದ್ದಾಗ ಕೈ ಸೆಟೆದು ಸ್ಕ್ರೂಡ್ರೈವರ್ ಹಿಡಿಯಲಾಗುತ್ತಿರಲಿಲ್ಲ. ರಂಜಾನ್ ಹಬ್ಬದ ದಿನ ಒಬ್ಬಳೇ ಶಾವಿಗೆ ಮಾಡಿಕೊಂಡು ಅತ್ತೆ. ಮಾರ್ಚ್ ಮುಗಿದರೆ ಪರೀಕ್ಷಾವಧಿಯ ಆರು ತಿಂಗಳು ಮುಗಿಯುತ್ತಿತ್ತು. ಅವರು ಉಳಿಸಿಕೊಂಡರೂ ಹೊರಡುವುದೆಂದು ಮನಸ್ಸಿನಲ್ಲೇ ತೀರ್ಮಾನಿಸಿದ್ದೆ.

ಆ ಮಾರ್ಚಿನಲ್ಲಿ ಆಕಾಶದಲ್ಲಿ ದೊಡ್ಡ ಬಾಲಚುಕ್ಕಿ ಬಂತು. ನಿಮಗೂ ನೆನಪಿರಬಹುದು, ಸೂರ್ಯ ಮುಳುಗಿದ ಮೇಲೆ ವಾಯುವ್ಯದಲ್ಲಿ ಬರಿಗಣ್ಣಿಗೇ ಕಾಣುತ್ತಿತ್ತು. ಇಲ್ಲಿ ಅದನ್ನು ದಿನವೂ ಅಳೆಯುತ್ತಿದ್ದರು. ಹುಣ್ಣಿಮೆ ಕಳೆದು ಸಂಜೆಗಳು ಕಪ್ಪಾಗುವ ದಿನಗಳಿಗಾಗಿ ಎಲ್ಲರೂ ಕಾದಿದ್ದರು. ಸರಿಯಾಗಿ ಹೋಳಿಯ ದಿನ ಗುಮ್ಮಟದ ಮೋಟರು ಸುಟ್ಟುಹೋಯಿತು. ಸೀಳು ಪೂರ್ವಕ್ಕೆ ನಿಂತುಬಿಟ್ಟಿತು. ಬಾಲಚುಕ್ಕಿ ಅದರ ಬೆನ್ನ ಹಿಂದೆ. ಇಲ್ಲಿ ಹೋಳಿ ಒಂದು ದಿನಕ್ಕೆ ಮುಗಿಯುವುದಿಲ್ಲ. ಕೆಳಗಿನ ಪೇಟೆಯ ವೈಂಡಿಂಗ್ ಅಂಗಡಿಯವರು ಒಂದು ವಾರ ಆಗದು ಎಂದರು.

ಜೋಶಿ ಸಾಹೇಬರು ತಲೆ ಮೇಲೆ ಕೈ ಹೊತ್ತು ಕೂತಿದ್ದರು. "ನಾನು ಸುತ್ತುತ್ತೇನೆ" ಎಂದೆ.

"ಏನನ್ನು?"

"ಮೋಟರನ್ನು."

ಅವರು ಉಗ್ರಾಣದ ಬೀಗದ ಕೈ ನನ್ನತ್ತ ಸರಿಸಿ, "ಹಾಳಾಗುವುದಕ್ಕೆ ಇನ್ನೇನು ಉಳಿದಿದೆ, ನೋಡು" ಎಂದರು.

ಬಿಚ್ಚಿ, ತಂತಿ ಕೂರುವ ಕಬ್ಬಿಣದ ಸಂದುಗಳನ್ನು, ಅಂದರೆ ನಮ್ಮ ಅಂಗಡಿಯ ಮಾತಿನ 'ಗಾಡಿ'ಗಳನ್ನು, ಖಾಲಿ ಮಾಡಿದೆ. ಹತ್ತೊಂಬತ್ತು ಗೇಜಿನ ತಂತಿ ಬೇಕು, ಉಗ್ರಾಣದಲ್ಲಿರುವುದು ಇಪ್ಪತ್ತೆರಡರದು, ಅದಕ್ಕಿಂತ ಸಣ್ಣದು. ಎಸ್‌ಟಿಡಿ ಬೂತಿಗೆ ಓಡಿ ಅಂಗಡಿಗೆ ಫೋನ್ ಮಾಡಿದೆ. ವಿಷಯ ಹೇಳುತ್ತಲೇ ಅಬ್ಬಾ ಕನ್ನಡಕ್ಕೆ ಬಂದರು.

"ಇಪ್ಪತ್ತೆರಡು ಎಷ್ಟೈತೆ?"

"ಬೇಕಾದಷ್ಟೈತೆ ಅಬ್ಬಾ."

"ಮತ್ತೇನು? ಎರಡೆಳೆ ಜೋಡ್ಸಿ ಸುತ್ತು. ಸುತ್ತಿನ ಲೆಕ್ಕ ಅಷ್ಟೇ ಇರ್ಲಿ, ಕಮ್ಮಿ ಮಾಡ್ಬ್ಯಾಡ. ಗಾಡಿಯೊಳಗೆ ಬಿಗಿ ಆಗ್ತೈತೆ, ಬಡೀಬ್ಯಾಡ. ಬಡದ್ರೆ ಮ್ಯಾಲಿನ ಎನಾಮೆಲ್ ಹೋಗ್ತೈತೆ."

"ನಾನು ಕೆಲ್ಸಕ್ಕೆ ಕೂತ್ರೆ ಎಲ್ರೂ ನೋಡ್ತಾ ನಿಲ್ತಾರೆ."

"ನೋಡ್ಲಿ ಬಿಡು. ಮೋಟರಿಗೆ ಕಣ್ಣಿಲ್ಲ, ಯಾರು ಸುತ್ತಿದ್ರು ಅಂತ ಅದಕ್ಕೆ ಗೊತ್ತಾಗಲ್ಲ."

ಎರಡು ದಿನ ಸುತ್ತಿದೆ. ತಂತಿ ಹೊರಬರದಂತೆ ಗಾಡಿಯ ಬಾಯಿಗೆ ಸಿಕ್ಕಿಸಲು ಬಿದಿರಿನ ಚಕ್ಕೆ ಬೇಕಿತ್ತು. ದೀದಿ ತಮ್ಮ ಹಳೆಯ ಬುಟ್ಟಿಯನ್ನೇ ಬಿಚ್ಚಿ ಕೊಟ್ಟರು. ವಾರ್ನಿಷ್ ಒಣಗಲು ತಗಡಿನ ಪೆಟ್ಟಿಗೆಯಲ್ಲಿ ಮೋಟರಿಟ್ಟು ಇನ್ನೂರು ವಾಟಿನ ಬಲ್ಬುಗಳನ್ನು ಉರಿಸಿದೆವು. ಬೆಳಕು ಹೊರಗೆ ಹೋಗದಂತೆ ಸುತ್ತಲೂ ಕಂಬಳಿ.

ಮೂರನೆಯ ಸಂಜೆ ಮೋಟರನ್ನು ಮೇಲೆ ಕೂರಿಸಬೇಕಿತ್ತು. ಸಾಹೇಬರು ಏಣಿಯ ಪಕ್ಕ ನಿಂತು, "ನೀನೇ ಹತ್ತು. ನಿನ್ನ ಕೈ ಮಾಡಿದ್ದು," ಎಂದರು. ಕೂರಿಸಿ, ಕೆಳಗೆ ಕೂಗಿ ಸ್ವಿಚ್ ಹಾಕಿಸಿದೆ. ಒಂದು ಕ್ಷಣ ಬರೀ ಗುಂಯ್ ಎಂದಿತು. ಆಮೇಲೆ ಅಷ್ಟು ದೊಡ್ಡ ಗುಮ್ಮಟ ಕಿರುಗುಟ್ಟುತ್ತಾ ಪೂರ್ವ ಬಿಟ್ಟು ಹೊರಟಿತು. ಸೀಳು ವಾಯುವ್ಯಕ್ಕೆ ಬಂದಾಗ ಬಾಲಚುಕ್ಕಿ ಅದರೊಳಗೆ ತುಂಬಿ ನಿಂತಿತ್ತು. ಕೆಳಗೆ ಯಾರೋ ಚಪ್ಪಾಳೆ ತಟ್ಟಿದರು. ನಾನು ಏಣಿಯ ಮೇಲೇ ಕೂತು ಮೂಗು ಒರೆಸಿಕೊಂಡೆ.

ಏಪ್ರಿಲ್‌ನಲ್ಲಿ ಕೆಲಸ ಕಾಯಂ ಆಯಿತು. ಊರಿಗೆ ಹೋಗುವ ಮಾತನ್ನು ಅಬ್ಬಾ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಇವತ್ತಿಗೆ ಹತ್ತು ವರ್ಷವಾಯಿತು. ಗುಮ್ಮಟದ ವಿದ್ಯುತ್ ಕೆಲಸವೆಲ್ಲ ಈಗ ನನ್ನದೇ; ನನ್ನ ಕೈಕೆಳಗೆ ಕಲಿಯಲು ಇಬ್ಬರು ಪಹಾಡಿ ಹೆಣ್ಣುಮಕ್ಕಳು ಬಂದಿದ್ದಾರೆ. ಆದರೂ ಚಳಿಗಾಲದಲ್ಲಿ ಇಲ್ಲಿಯವರು ಹುರಿದ ಕಡಲೆಕಾಯಿಯನ್ನು ಮುಷ್ಟಿ ಲೆಕ್ಕದಲ್ಲಿ ಆಸೆಪಟ್ಟು ತಿನ್ನುವಾಗ, ಚಳ್ಳಕೆರೆಯ ಮಾರ್ಕೆಟ್ ಯಾರ್ಡಿನಲ್ಲಿ ಗುಡ್ಡೆ ಬಿದ್ದ ಕಾಯಿಯ ಮೇಲೆ ನಡೆದಾಡಿದ ಕಾಲು ಜುಮ್ಮೆನ್ನುತ್ತದೆ.

ಹೋದ ಫೆಬ್ರವರಿಯಲ್ಲಿ ತಮ್ಮನ ಮದುವೆಗೆ ದೀದಿಯನ್ನೂ ಕರೆದುಕೊಂಡು ಚಳ್ಳಕೆರೆಗೆ ಹೋದೆ. ಮೊಳಕಾಲ್ಮೂರಿಗೆ ಹೋಗಿ, ಮಗ್ಗದವರ ಮನೆಯಲ್ಲಿ ಅವರಿಗೊಂದು ರೇಷ್ಮೆ ಸೀರೆ ತೆಗೆದೆವು. ವಾಪಸ್ಸು ಬಂದು ಅದೇ ಸಂಜೆ ದೊಡ್ಡಉಳ್ಳಾರ್ತಿಯ ಕಾವಲಿನ ಬಯಲಿಗೆ ಆಟೋ ಮಾಡಿಕೊಂಡು ಹೋದೆವು. ಕುರಿಗಳು ಹಟ್ಟಿಗೆ ಮರಳಿದ್ದವು. ಸುತ್ತಲೂ ಬರೀ ಹುಲ್ಲು. ದೀದಿ ನನ್ನ ತೋಳು ಹಿಡಿದುಕೊಂಡರು. "ಎಲ್ಲಿ ನೋಡಿದರೂ ಏನೂ ಅಡ್ಡ ಇಲ್ಲವಲ್ಲೇ. ನೀವೆಲ್ಲ ಬೀಳದೆ ಹೇಗೆ ನಿಲ್ಲುತ್ತೀರಿ?"

ಕತ್ತಲಾಗುತ್ತಲೇ ದಕ್ಷಿಣದಲ್ಲಿ ಅಗಸ್ತ್ಯ ನಕ್ಷತ್ರ ತೋರಿಸಿದೆ. ಬೆಟ್ಟದಲ್ಲಿ ಅದು ದೂರದ ಸಾಲಿಗೆ ತಾಗಿಕೊಂಡು ಚೂರು ಹೊತ್ತು ಕಂಡು ಇಳಿದುಬಿಡುತ್ತದೆ. ಈ ಬಯಲಿನಲ್ಲಿ ಎತ್ತರಕ್ಕೇರಿ, ಯಾರಿಗೂ ಅಂಜದೆ ಉರಿಯುತ್ತಿತ್ತು. ದೀದಿ ಬಹಳ ಹೊತ್ತು ನೋಡಿದರು. ನಾನೂ ನೋಡಿದೆ. ಚಿಕ್ಕವಳಿದ್ದಾಗ ಇದೇ ಆಕಾಶದ ಕೆಳಗೆ ಬೆಳೆದರೂ ಆ ನಕ್ಷತ್ರದ ಹೆಸರು ನನಗೆ ಗೊತ್ತಾದದ್ದು ಬೆಟ್ಟಕ್ಕೆ ಬಂದ ಮೇಲೆ.

ಗಾಳಿ ತಣ್ಣಗಾಯಿತು. "ಮನೆಗೆ ಹೋಗೋಣ್ವಾ?" ಎಂದರು ದೀದಿ.

"ಇನ್ನೂ ನಾಲ್ಕು ದಿನ ರಜೆ ಇದೆಯಲ್ಲ ದೀದಿ," ಎಂದೆ.

ಅವರು ಕತ್ತಲಲ್ಲೇ ನಕ್ಕರು. "ಹುಚ್ಚಿ, ನಾನು ಹೇಳಿದ್ದು ನಿನ್ನ ಅಮ್ಮಿಯ ಮನೆಗೆ. ಊಟಕ್ಕೆ ಕಾಯುತ್ತಿದ್ದಾರೆ."